ಬಾಗಿಲ ಹೊರಗಿನ ಉಪ್ಪಿನ ಭರಣಿ

ನಮ್ಮ ಊರಿನಲ್ಲಿ ನನ್ನಷ್ಟು ಭರ್ಜರಿಯಾಗಿ ಪ್ರೀತಿಯಲ್ಲಿ ಸೋತವರು ಹಿಂದೆ ಇರಲಿಲ್ಲ, ಮುಂದೆ ಹುಟ್ಟುವುದೂ ಇಲ್ಲ. ಬೇಕಾದರೆ ಯಾರನ್ನಾದರೂ ಕೇಳಿ ನೋಡಿ. ಬೇಡ, ಕೇಳಬೇಡಿ. ಈ ಊರಿನವರಿಗೆ ಹೊಟ್ಟೆಕಿಚ್ಚು, ಹದಿನಾರಾಣೆಯ ವಿಷಯವನ್ನು ನಾಲ್ಕಾಣೆ ಮಾಡಿ ಹೇಳುತ್ತಾರೆ. ನಾನೇ ಹೇಳುತ್ತೇನೆ, ಕುಳಿತುಕೊಳ್ಳಿ.

ನನ್ನ ಹೆಸರು ದಾಕ್ಷಾಯಣಿ. ಬಸ್ ಸ್ಟ್ಯಾಂಡಿನ ಎದುರಿಗಿರುವ ಖಾನಾವಳಿ ನನ್ನ ಚಿಗವ್ವ ನೀಲವ್ವನದು. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ದುಡ್ಡಿನ ಗಲ್ಲೆಯ ಮುಂದಿನ ಕುರ್ಚಿ ಅವಳದು, ಒಲೆಯ ಮುಂದಿನ ಮಣೆ ನನ್ನದು. ಇಪ್ಪತ್ತು ತುಂಬುವ ಹೊತ್ತಿಗೆ ನನ್ನ ಕೈಯ ಎಣ್ಣೆಗಾಯಿಯ ವಾಸನೆಗೆ ಬಸ್ಸುಗಳು ದಾರಿ ತಪ್ಪಿ ನಮ್ಮೂರಿಗೆ ಬರತೊಡಗಿದ್ದವು. ನಾನು ಬಡಿದ ಜೋಳದ ರೊಟ್ಟಿಯನ್ನು ಕಣ್ಣಿಗೆ ಅಡ್ಡ ಹಿಡಿದರೆ ಆಚೆಗಿನ ಪೇಪರ್ ಓದಬಹುದಿತ್ತು. ಇಂಥ ನನ್ನನ್ನು ವಿರೂಪಾಕ್ಷ ಪ್ರೀತಿಸಿದ. ಅವನು ಬ್ಯಾಂಡ್ ಕಂಪನಿಯಲ್ಲಿ ಕ್ಲಾರಿನೆಟ್ ಊದುತ್ತಿದ್ದ. ಅವನು ಊದಿದರೆ ಬಾವಿಯ ನೀರು ಒಂದು ಗೇಣು ಮೇಲೇಳುತ್ತಿತ್ತು, ಮದುವೆಯಾಗಿ ಹತ್ತು ಮಕ್ಕಳಾದವರೂ ಮತ್ತೊಮ್ಮೆ ಮದುವೆಯಾಗಬೇಕೆನ್ನುತ್ತಿದ್ದರು. ಹಾಗೆಂದು ನಾನು ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ.

ಅಂಥವನು ಒಂದು ಸಂಜೆ ಭಜಿ ಅಂಗಡಿಯ ಮುಂದೆ ನಿಂತು, ನೆಲ ನೋಡುತ್ತ, "ದಾಕ್ಷಾ, ಸಿಟ್ಟಾಗಬ್ಯಾಡ. ನಾ ಬ್ಯಾಂಡಿನವರ ಜೋಡಿ ಬ್ಯಾರೆ ಊರಿಗೆ ಹೊಂಟೀನಿ. ತಿರುಗಿ ಬರಂಗಿಲ್ಲ" ಎಂದ.

"ಯಾಕ?" ಎಂದೆ.

"ನೀ ಎಲ್ಲಾನೂ ದೊಡ್ಡದು ಮಾಡ್ತಿ. ನನ್ನ ಕ್ಲಾರಿನೆಟ್ಟು ದೊಡ್ಡದು ಮಾಡಿದಿ, ನನ್ನ ಪ್ರೀತಿನೂ ದೊಡ್ಡದು ಮಾಡಿದಿ. ನಂದು ಅಷ್ಟು ದೊಡ್ಡದಿಲ್ಲ, ದಾಕ್ಷಾ."

ನನ್ನ ಕೈಯಲ್ಲಿ ಮಿರ್ಚಿ ಭಜಿ ಇತ್ತು. ಅರ್ಧ ತಿಂದಿದ್ದೆ. ಆ ಅರ್ಧಕ್ಕೆ ಉಪ್ಪಿತ್ತು, ಉಳಿದ ಅರ್ಧಕ್ಕೆ ಇರಲಿಲ್ಲ.

ನಮ್ಮೂರಿನಲ್ಲಿ ಅದು ಹಾಗೆಯೇ. ಪ್ರೀತಿ ಮುರಿದವರ ನಾಲಿಗೆಯಿಂದ ಉಪ್ಪು ಹೋಗುತ್ತದೆ. ಹುಳಿ ಇರುತ್ತದೆ, ಖಾರ ಇರುತ್ತದೆ, ಸಿಹಿಯಂತೂ ಇದ್ದೇ ಇರುತ್ತದೆ, ಉಪ್ಪು ಮಾತ್ರ ಇಲ್ಲ. ಕೆಲವರಿಗೆ ಒಂದು ಬೇಸಿಗೆಯಲ್ಲಿ ಮರಳುತ್ತದೆ, ಕೆಲವರಿಗೆ ಕೂದಲು ನೆರೆತ ಮೇಲೆ. ಉಪ್ಪು ಹೋದವರ ಮನೆಯಲ್ಲಿ ಉಪ್ಪಿನ ಭರಣಿಯನ್ನು ಬಾಗಿಲ ಹೊರಗೆ ಇಡಬೇಕು. ನಾಚಿಕೆಯವರು ಚಿಕ್ಕ ಭರಣಿಯನ್ನು ಕಟ್ಟೆಯ ಮೂಲೆಯಲ್ಲಿ, ಚಪ್ಪಲಿಗಳ ಹಿಂದೆ ಅಡಗಿಸಿ ಇಡುತ್ತಾರೆ. ನಾನು ಖಾನಾವಳಿಯ ಅಟ್ಟದಿಂದ ನನ್ನ ಸೊಂಟದೆತ್ತರದ ಭರಣಿ ಇಳಿಸಿ, ಚೆಂಡು ಹೂವಿನ ಮಾಲೆ ಹಾಕಿ, ಬಾಗಿಲ ಹೊರಗೆ ನಟ್ಟನಡುವೆ ಇರಿಸಿದೆ. ಗಿರಾಕಿಗಳು ಅದನ್ನು ಸುತ್ತಿ ಒಳಗೆ ಬರಬೇಕಾಯಿತು.

"ಮದುವಿ ಮನಿ ಮಾಡಿಟ್ಟೀಯಲ್ಲೇ" ಎಂದು ಚಿಗವ್ವ ಹಣೆ ಬಡಿದುಕೊಂಡಳು.

"ಮತ್ತೇನು ಚಿಗವ್ವ, ನಂದು ಸಣ್ಣ ಸೋಲೇನು?"

ಉಪ್ಪಿಲ್ಲದವಳು ಊರಿಗೆ ಅಡುಗೆ ಮಾಡುವುದು ಹೇಗೆ? ಅದಕ್ಕೂ ದಾರಿ ಇದೆ. ಇಂಥ ಮನೆಗಳಿಗೆ ಪ್ರತಿದಿನ ಹೊರಗಿನಿಂದ ಒಬ್ಬ ರುಚಿಗಾರ ಬರುತ್ತಾನೆ. ಮನೆಯವರೇ ರುಚಿ ನೋಡುವಂತಿಲ್ಲ. ಮನೆಯವರು ಕರುಣೆಯಿಂದ ಸುಳ್ಳು ಹೇಳುತ್ತಾರೆ. ರುಚಿಗಾರ ಬಂದು, ಒಂದು ಚಮಚ ಬಾಯಿಗೆ ಹಾಕಿಕೊಂಡು, ಹದ ಇದೆಯೋ ಇಲ್ಲವೋ ಹೇಳುತ್ತಾನೆ. ಅವನು ಹದ ಎಂದ ಮೇಲೆ ಉಣ್ಣುವವರು ಯಾರೂ ಉಪ್ಪಿನ ಮಾತೆತ್ತಬಾರದು. ಅವನು ಅಡುಗೆಮನೆಯ ಹೆಂಗಸರನ್ನೆಲ್ಲ ಅಕ್ಕಾರ ಎಂದೇ ಕರೆಯಬೇಕು. ಉಪ್ಪು ಮರಳಿ ಭರಣಿ ಒಳಗೆ ಬಂದ ದಿನ ಅವನಿಗೆ ಹೋಳಿಗೆ ಊಟ ಹಾಕಿ ಕಳಿಸುತ್ತಾರೆ, ಆಮೇಲೆ ಅವನು ಆ ಅಡುಗೆಮನೆಯ ಹೊಸ್ತಿಲು ತುಳಿಯುವುದಿಲ್ಲ. ನಮ್ಮ ಖಾನಾವಳಿಗೆ ಬಂದವನು ಗುರುಪಾದ. ಅವನ ಆಯಿ ಗಂಗವ್ವ ಹೆಸರಾಂತ ರುಚಿಗಾರ್ತಿ. ಅವಳು ಕಾಲು ಸೋತು ಹಾಸಿಗೆ ಹಿಡಿದ ಮೇಲೆ ಮೊಮ್ಮಗ ಅವಳ ಹಿತ್ತಾಳೆಯ ಚಮಚ ಹಿಡಿದು ಹೊರಟಿದ್ದ. ನನಗಿಂತ ಒಂದೆರಡು ವರ್ಷ ದೊಡ್ಡವನಿರಬೇಕು. ಹೆಗಲ ಮೇಲೊಂದು ತೊಳೆದ ಟವೆಲ್ಲು. ಮಾತು ಕಡಿಮೆ.

ಅವನಷ್ಟು ಚುರುಕಿನ ರುಚಿಗಾರ ಲೋಕದಲ್ಲಿ ಇಲ್ಲ ಎಂದು ನಾನು ಸಾರಿದ್ದೆ. ಬೇರೆಯವರು ಬಾಯಿ ಚಪ್ಪರಿಸಿ, ಸೂರು ನೋಡಿ, ಮತ್ತೊಂದು ಚಮಚ ಕೇಳಿ ಸತಾಯಿಸುತ್ತಾರೆ. ಗುರುಪಾದನ ಚಮಚ ತುಟಿಗೆ ತಾಗಿತೋ ಇಲ್ಲವೋ, "ಹದ ಐತಿ, ಅಕ್ಕಾರ" ಎನ್ನುತ್ತಿದ್ದ. ಎಂದೋ ಒಮ್ಮೆ "ಒಂದು ಚಿಟಿಕಿ ಹಾಕ್ರಿ" ಎನ್ನುತ್ತಿದ್ದ, ಅಷ್ಟೇ. ಉಪ್ಪು ಹೋದರೂ ಕೈ ಹದ ಬಿಡಲಿಲ್ಲ, ಇಂಥ ಕೈ ಇನ್ನೊಬ್ಬಳಿಗಿದೆಯೇ ಎಂದು ನಾನು ಬೀಗುತ್ತಿದ್ದೆ.

ರುಚಿ ನೋಡಿದ ಮೇಲೆ ಅವನು ಎದ್ದು ಹೋಗಬಹುದಿತ್ತು. ಹೋಗುತ್ತಿರಲಿಲ್ಲ. ಬೋರಲು ಹಾಕಿದ ಕೊಳಗದ ಮೇಲೆ ಕುಳಿತು ನನ್ನ ದುಃಖದ ಕಥೆ ಕೇಳುತ್ತಿದ್ದ. ಅಷ್ಟು ಹೊತ್ತಿಗೆ ನನ್ನ ಕಥೆ ಕೇಳದೆ ಊರಿನಲ್ಲಿ ಉಳಿದವನು ಅವನೊಬ್ಬನೇ. ಉಳಿದವರು ನನ್ನನ್ನು ಕಂಡರೆ ಓಣಿ ಬದಲಿಸುತ್ತಿದ್ದರು.

"ನಾ ಅತ್ತಿದ್ದಕ್ಕ ಹಿತ್ತಲದ ಬಾವಿ ತುಂಬೇತಿ, ಗೊತ್ತೈತೇನು?" ಎಂದೆ ಒಮ್ಮೆ.

"ಹೌದ್ರಿ ಅಕ್ಕಾರ. ಈಗ ನೀರು ಸೇದಾಕ ಅರ್ಧಾ ಹಗ್ಗ ಸಾಕಾಗತೈತಿ ಅಂತ ಕೇಳೀನಿ. ಉಳಿದ ಅರ್ಧಾ ಹಗ್ಗ ಏನ್ ಮಾಡಿದ್ರಿ?"

"ಎಮ್ಮಿ ಕಟ್ಟೀವಿ."

"ಚಲೋ ಆತು. ಅಳು ದಂಡ ಆಗಲಿಲ್ಲ."

ಅವನ ಮುಖದ ಒಂದು ಗೆರೆಯೂ ನಗಲಿಲ್ಲ. ವಿರೂಪಾಕ್ಷ ನನ್ನ ದೊಡ್ಡ ಮಾತುಗಳಿಗೆ ಹೆದರುತ್ತಿದ್ದ, ಚಿಗವ್ವ ಅವುಗಳನ್ನು ಕತ್ತರಿಸುತ್ತಿದ್ದಳು. ಇವನು ಅವುಗಳಿಗೆ ಕೂರಲು ಮಣೆ ಹಾಕುತ್ತಿದ್ದ.

ದಿನಗಳು ಹೋದವು. ಅಷ್ಟು ಹೊತ್ತಿಗೆ ಖಾನಾವಳಿಯಲ್ಲಿ ವಿಚಿತ್ರಗಳು ನಡೆಯುತ್ತಿದ್ದವು, ನಾನು ಗಮನಿಸಲಿಲ್ಲ. ಗಿರಾಕಿಗಳು ಕೊಡಗಟ್ಟಲೆ ನೀರು ಕುಡಿಯುತ್ತಿದ್ದರು. ನನ್ನ ಅಡುಗೆ ದಾಹವನ್ನೂ ಹುಟ್ಟಿಸುವಷ್ಟು ಸೊಗಸು ಎಂದುಕೊಂಡೆ. ಬಸ್ ಕಂಡಕ್ಟರ್ ಹನುಮಂತಪ್ಪ ಒಂದು ಮಧ್ಯಾಹ್ನ ಸಾರು ಬಾಯಿಗಿಟ್ಟವನು ಮುಖ ಬಿಳಿಚಿಕೊಂಡು, ಬಸ್ಸನ್ನು ಅಲ್ಲೇ ಬಿಟ್ಟು, ಮನೆಗೆ ಓಡಿದ. ಅವನ ಹೆಂಡತಿ ಮರುದಿನ ಬಂದು ಚಿಗವ್ವನ ಮುಂದೆ ಗೋಳಾಡಿದಳು: "ನೀಲವ್ವಕ್ಕ, ಹಗಲಹೊತ್ತಿನ್ಯಾಗ ಬಂದು ನನ್ನ ಕೈ ಹಿಡಕೊಂಡು, 'ನಮ್ಮಿಬ್ಬರ ನಡುವ ಏನರ ಆಗೇತೇನು, ಖರೇ ಹೇಳು' ಅಂತ ಅಳಾಕತ್ತಿದ್ದ. ಇಷ್ಟು ವರ್ಷದಾಗ ಒಮ್ಮೆನೂ ಕೈ ಹಿಡಿದಾಂವ ಅಲ್ಲ!" ಸಾರಿನಲ್ಲಿ ಉಪ್ಪಿಲ್ಲದ್ದನ್ನು ಕಂಡು ಅವನು ತನ್ನದೇ ಉಪ್ಪು ಹೋಯಿತೆಂದು ಹೆದರಿದ್ದ. ಇಂಥವರು ಊರಲ್ಲಿ ಎಷ್ಟೋ ಜನ. ಯಾರೂ ಬಾಯಿ ಬಿಡಲಿಲ್ಲ. ಬಿಡುವಂತಿರಲಿಲ್ಲ. ಮೆಲ್ಲಮೆಲ್ಲಗೆ ಪಂಕ್ತಿ ತೆಳುವಾಯಿತು.

ಒಂದು ಬೆಳಿಗ್ಗೆ ನಾನು ಗುರುಪಾದನಿಗೆ ಕಥೆ ಹೇಳುತ್ತಿದ್ದೆ. ಅದು ವಿರೂಪಾಕ್ಷನ ಕಥೆಯಲ್ಲ ಎಂಬುದು ನನಗೇ ಹೊಳೆಯಲಿಲ್ಲ. ಚಿಕ್ಕವಳಿದ್ದಾಗ ನಾನು ಮೊದಲ ಬಾರಿ ಬಡಿದ ರೊಟ್ಟಿಯನ್ನು ಎಮ್ಮೆ ಮೂಸಿ ನೋಡಿ ಬೇಡವೆಂದದ್ದು, ಆಮೇಲೆ ನಾವು ಅದನ್ನು ಕೋಳಿಗೂಡಿನ ಬಾಗಿಲಿಗೆ ಹಚ್ಚಿದ್ದು, ಅದು ಇಂದಿಗೂ ಗಟ್ಟಿಯಾಗಿರುವುದು. ಗುರುಪಾದ ನಕ್ಕ. ಮೊದಲ ಸಲ ನಕ್ಕ. ಹಲ್ಲು ಕಾಣದಂತೆ ಟವೆಲ್ಲು ಅಡ್ಡ ಹಿಡಿದು, ಭುಜ ಕುಣಿಸಿ ನಕ್ಕ. ಎದ್ದು ಹೋಗುವಾಗ ಕೂಡ ಅವನ ಬೆನ್ನು ನಗುತ್ತಿತ್ತು. ನಾನು ಆ ಬೆನ್ನನ್ನೇ ನೆನೆಯುತ್ತ ಉಳ್ಳಾಗಡ್ಡಿ ಹೆಚ್ಚುತ್ತಿದ್ದೆ. ಕಣ್ಣೀರು ಇಳಿದು ತುಟಿಗೆ ಬಂತು.

ಉಪ್ಪು ಹೋದವರಿಗೆ ಕಣ್ಣೀರೂ ಸಪ್ಪೆ. ಇದು ಸಪ್ಪೆ ಇರಲಿಲ್ಲ.

ನಾನು ಈಳಿಗೆ ಬಿಟ್ಟು ಎದ್ದೆ. ಕುಣಿಯಬೇಕೆನಿಸಿತು, ಬೀದಿಗೆ ಹೋಗಿ ಡಂಗುರ ಸಾರಬೇಕೆನಿಸಿತು. ಇಷ್ಟು ಬೇಗ, ಇಷ್ಟು ಭವ್ಯವಾಗಿ ಉಪ್ಪು ಮರಳಿದ್ದು ಊರಿನ ಇತಿಹಾಸದಲ್ಲೇ ಇಲ್ಲ ಎನ್ನಬೇಕೆನಿಸಿತು. ಖುಷಿಗೆ ಒಂದು ಸೌಟು ಸಾರು ಬಾಯಿಗೆ ಹಾಕಿಕೊಂಡೆ, ಗುರುಪಾದ ಆಗಷ್ಟೇ ಹದ ಎಂದು ಹೋಗಿದ್ದ ಸಾರು. ಸಮುದ್ರವನ್ನು ಬತ್ತಿಸಿ ತಳದಲ್ಲಿ ಉಳಿದದ್ದನ್ನು ಕುದಿಸಿದಂತಿತ್ತು. ಅದನ್ನು ಉಗುಳಿ, ಪಲ್ಯ ನೋಡಿದೆ. ಒಂದು ಹರಳು ಉಪ್ಪಿಲ್ಲ. ಕಡಲೆಹಿಟ್ಟಿನ ಝುಣಕ ನಾಲಿಗೆ ಕತ್ತರಿಸುವಂತಿತ್ತು. ಒಲೆಯ ಮುಂದೆ ಕುಳಿತುಬಿಟ್ಟೆ. ಇಷ್ಟು ತಿಂಗಳು ಈ ಊರು ಉಂಡದ್ದು ಇದನ್ನೇ? ಹೊರಗೆ ಹನುಮಂತಪ್ಪ ನೀರಿನ ಲೋಟ ಕೇಳುತ್ತಿದ್ದ.

ಮರುದಿನ ಎರಡು ಬಟ್ಟಲು ಇಟ್ಟೆ. ಒಂದರಲ್ಲಿ ಉಪ್ಪೇ ಹಾಕದ ಬೇಳೆ ಸಾರು, ಇನ್ನೊಂದರಲ್ಲಿ ಒಂದು ಹಿಡಿ ಉಪ್ಪು ಸುರಿದ ಕಟ್ಟಿನ ಸಾರು.

"ಯಾಕ ಅಕ್ಕಾರ, ಇವತ್ತು ಎರಡು?"

"ಸುಮ್ಮನ. ನೋಡ್ರಿ."

ಮೊದಲನೆಯದಕ್ಕೆ ಚಮಚ ಅದ್ದಿದ. "ಹದ ಐತಿ." ಎರಡನೆಯದಕ್ಕೆ ಅದ್ದಿದ. "ಇದೂ ಹದ ಐತಿ, ಅಕ್ಕಾರ. ಬೇಕಂದ್ರ ಇನ್ನೊಂದು ಚಿಟಿಕಿ ಹಾಕ್ರಿ."

ನನಗೆ ಬೈಗುಳ ಬಾಯಿ ತನಕ ಬಂದಿತ್ತು. ಬಸ್ ಸ್ಟ್ಯಾಂಡಿಗೆಲ್ಲ ಕೇಳುವಂಥ ಬೈಗುಳ. ಆದರೆ ಅವನು ಚಮಚವನ್ನು ಟವೆಲ್ಲಿನಿಂದ ಒರೆಸುತ್ತಿದ್ದ ರೀತಿ ಕಂಡೆ. ಏನನ್ನೂ ಕೇಳಿಸಿಕೊಳ್ಳಲು ಸಿದ್ಧನಿಲ್ಲದವನ ಒರೆಸುವಿಕೆ ಅದು. ಬೈಗುಳದ ಬದಲು ಬೇರೆಯೇ ಮಾತು ಹೊರಟಿತು.

"ಯಾರು ಆಕಿ?"

ಚಮಚ ನಿಂತಿತು. "ಯಾರ ಬಗ್ಗೆ ಕೇಳತೀರಿ?"

"ನಿಮ್ಮ ಉಪ್ಪು ಒಯ್ದಾಕಿ."

ಅವನು ಬಾಗಿಲು ನೋಡಿದ. ಚಿಗವ್ವ ಗಲ್ಲೆಯ ಹತ್ತಿರ ಯಾರೊಂದಿಗೋ ಜಗಳವಾಡುತ್ತಿದ್ದಳು. "ನಿಮಗ ಹ್ಯಾಂಗ ಗೊತ್ತಾತು?"

ಈಗ ನಾನು ನನ್ನ ಜೀವನದ ಅತಿ ಸಣ್ಣ ಸುಳ್ಳು ಹೇಳಿದೆ. "ಉಪ್ಪು ಹೋದವರ ಗುರುತು ಉಪ್ಪು ಹೋದವರಿಗೆ ಸಿಗತೈತಿ."

ಅವನು ಕೊಳಗವನ್ನು ಒಲೆಯ ಹತ್ತಿರಕ್ಕೆ ಎಳೆದು ಕುಳಿತ. ಆಮೇಲೆ ಹೇಳಿದ. "ಚಂಪಾ ಅಂತ. ಬಳಿಗಾರ ಓಣ್ಯಾಕಿ. ಈ ಖಾನಾವಳಿ ಹಿಂದಿನ ಓಣ್ಯಾಗ ಮದುವಿ ಮಾಡಿ ಕೊಟ್ಟಾರ. ದಿನಾ ನಮ್ಮ ಮನಿ ಮುಂದ ನೀರಿಗೆ ಹೋಗತಾಳ."

"ಮತ್ತ ಭರಣಿ ಯಾಕ ಹೊರಗ ಇಡಲಿಲ್ಲ? ಊರಿಗೆಲ್ಲ ಸುಳ್ಳು ಹೇಳಕೋತ ಅಡ್ಡಾಡತೀರಲ್ಲ!"

"ಇಡಬಹುದಿತ್ರಿ. ಆದರ ಊರು ಸುಮ್ಮನ ಬಿಡತೈತೇನು? ಆಕಿ ಮದುವಿ ಆದ ಕೂಡ್ಲೆ ಈತನ ಭರಣಿ ಹೊರಗ ಬಂತು, ಅಂದ್ರ ಈತ ಆಕಿಗೆ ಏನಾಗಬೇಕು ಅಂತ ಕೇಳತೈತಿ. ನಂದೇನು, ನಾ ಒಬ್ಬಾಂವ. ಆಕಿ ಅತ್ತಿ ಮನ್ಯಾಗ ಬಾಳೇವು ಮಾಡಬೇಕಲ್ರಿ, ಅಕ್ಕಾರ."

ನನ್ನ ಸೊಂಟದೆತ್ತರದ ಭರಣಿ ನೆನಪಾಯಿತು. ಚೆಂಡು ಹೂವಿನ ಮಾಲೆ ನೆನಪಾಯಿತು.

"ಆಯಿಗೆ ಗೊತ್ತೈತೇನು?"

"ಆಕಿನ ಕಲಿಸ್ಯಾಳ. 'ತಡಾ ಮಾಡಬ್ಯಾಡ, ತಮ್ಮಾ. ಉಪ್ಪು ಇದ್ದಾಂವ ತಡಾ ಮಾಡಬಹುದು, ಇಲ್ಲದಾಂವ ತಡಾ ಮಾಡಿದ್ರ ಸಿಕ್ಕಿಬೀಳತಾನ. ತುಟಿಗೆ ಹತ್ತಿದ ಕೂಡ್ಲೆ ಹದ ಐತಿ ಅಂದುಬಿಡು' ಅಂದ್ಲು." ಅವನು ಚಮಚವನ್ನು ಜೇಬಿಗಿಟ್ಟ. "ನಿಮಗ ಯಾಕ ಹೇಳಿದ್ನಿ ಅಂದ್ರ, ನಿಮ್ದೂ ಹೋಗೇತಿ. ಉಪ್ಪು ಇದ್ದವರಿಗೆ ಇದು ತಿಳಿಯಂಗಿಲ್ಲ."

ನನ್ನ ಬಾಯಿ ತುಂಬ ಉಪ್ಪಿತ್ತು. ಅದನ್ನು ನುಂಗಿಕೊಂಡೆ. ನನ್ನದು ಮರಳಿದ್ದು ಇವನಿಂದ. ಇವನದು ಮರಳದೆ ಉಳಿದದ್ದು ಇನ್ನೊಬ್ಬಳಿಂದ. ನನ್ನ ಉಪ್ಪು ಬಂತು ಎಂದರೆ ಹೋಳಿಗೆ ಊಟ ಹಾಕಬೇಕು, ಇವನು ಕೈ ತೊಳೆದು ಎದ್ದು ಹೋಗುತ್ತಾನೆ, ಮತ್ತೆ ಈ ಕೊಳಗದ ಮೇಲೆ ಕೂರುವುದಿಲ್ಲ. ಹೇಳದಿದ್ದರೆ ನಾನು ಉಪ್ಪಿಲ್ಲದವಳಾಗಿಯೇ ಇರಬೇಕು. ಲೋಕದ ಎಲ್ಲ ಡಂಗುರಗಳಿಗೂ ಮಿಗಿಲಾದ ಸುದ್ದಿ ನನ್ನ ನಾಲಿಗೆಯ ಮೇಲೇ ಇತ್ತು, ಅದನ್ನು ನಾಲಿಗೆಯಿಂದ ಹೇಳುವಂತಿರಲಿಲ್ಲ.

ಆ ದಿನದಿಂದ ನಾನು ನನ್ನ ಕೈಯಾರೆ ಉಪ್ಪು ಹಾಕತೊಡಗಿದೆ, ಯಾರೂ ಕಾಣದಂತೆ ರುಚಿ ನೋಡಿ. ಗುರುಪಾದ ಬಂದು ಹದ ಐತಿ ಎನ್ನುತ್ತಿದ್ದ. ಈಗ ಅದು ನಿಜವಾಗಿತ್ತು, ಅವನಿಗೆ ಮಾತ್ರ ಗೊತ್ತಿರಲಿಲ್ಲ. ಮೊದಲ ದಿನ ಹನುಮಂತಪ್ಪ ಸಾರಿಗೆ ರೊಟ್ಟಿ ಅದ್ದಿ ಬಾಯಿಗಿಟ್ಟು, ಸುತ್ತ ನೋಡಿದ. ಅವನ ಕಣ್ಣು ತುಂಬಿದವು. ಉಪ್ಪಿನ ಮಾತೆತ್ತುವಂತಿಲ್ಲವಲ್ಲ, ಬಿಕ್ಕುತ್ತ "ಇವತ್ತು... ಸಾರು ಚಲೋ ಬಿಸಿ ಐತವ್ವಾ" ಎಂದ. ಇಡೀ ಪಂಕ್ತಿ "ಹೌದೌದು, ಭಾಳ ಬಿಸಿ ಐತಿ" ಎಂದು ತಲೆದೂಗಿತು. ಬಸ್ಸುಗಳು ಮತ್ತೆ ದಾರಿ ತಪ್ಪಿ ಬಂದವು. ಊರವರು ಕಟ್ಟೆಗಳ ಮೇಲೆ ಕುಳಿತು, "ಗಂಗವ್ವನ ನಾಲಿಗಿನೇ ಮೊಮ್ಮಗಗ ಬಂದೈತಿ, ಏನು ಹದ, ಏನು ಹದ!" ಎಂದು ಗುರುಪಾದನನ್ನು ಹೊಗಳಿದರು. ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ. ನನ್ನ ಕೈಯ ಹದಕ್ಕೆ ಇನ್ನೊಬ್ಬರ ಹೆಸರು. ಬಾಯಿ ಮುಚ್ಚಿಕೊಂಡೇ ಇದ್ದೆ. ನನ್ನನ್ನು ಬಲ್ಲವರಿಗೆ ಇದಕ್ಕಿಂತ ದೊಡ್ಡ ಪವಾಡ ಬೇರೆ ಬೇಕಿಲ್ಲ.

ಚಿಗವ್ವನ ಕಣ್ಣು ತಪ್ಪಿಸುವುದು ಮಾತ್ರ ಆಗಲಿಲ್ಲ. ಒಂದು ಮಧ್ಯಾಹ್ನ ಮೆಂತ್ಯ ಸೊಪ್ಪು ಬಿಡಿಸುತ್ತ, ತಲೆಯೆತ್ತದೆ ಕೇಳಿದಳು, "ಭರಣಿ ಯಾವಾಗ ಒಳಗ ತರತಿ?"

"ಯಾವ ಭರಣಿ?"

"ಮಂದಿ ಸುತ್ತು ಹಾಕಿ ಒಳಗ ಬರೋ ಅಂಥಾ ಭರಣಿ ಇಟ್ಟು, ಯಾವ ಭರಣಿ ಅಂತಿ. ನಿನ್ನ ಉಪ್ಪು ಬಂದು ಭಾಳ ದಿನ ಆತು. ಆ ಹುಡುಗನ್ದು ಇಲ್ಲ ಅನ್ನೂದೂ ನಂಗ ಗೊತ್ತೈತಿ."

ನಾನು ಸೊಪ್ಪಿನ ಬೇರು ಕಿತ್ತುಕೊಂಡೆ. "ಯಾವಾಗಿಂದ ಗೊತ್ತು?"

"ಮೊದಲನೆ ದಿನದಿಂದ. ನನ್ನ ನಾಲಿಗಿ ಸುಟ್ಟು ಸುಣ್ಣ ಆಗಿತ್ತಲ್ಲ. ಆದರ ರುಚಿಗಾರ ಹದ ಅಂದ ಮ್ಯಾಲ ಮಾತಾಡಾಕ ನಾ ಯಾರು?" ಅವಳು ಸೊಪ್ಪನ್ನು ಬುಟ್ಟಿಗೆ ಹಾಕಿದಳು. "ದಾಕ್ಷಾ, ಅವನ ಉಪ್ಪು ನಿನ್ನ ಕಡೆಯಿಂದನ ಬರತೈತಿ ಅಂತ ಎಲ್ಲಿ ಬರದೈತಿ?"

"ಬರದ ಇದ್ರ?"

"ಬರದ ಇದ್ರ ನಿಂದು ಮತ್ತ ಹೋಗತೈತಿ. ಎರಡನೆ ಸಲ ಹೋದ ಉಪ್ಪು ಲಗೂನ ತಿರುಗಿ ಬರಂಗಿಲ್ಲ, ಮಗಳ. ನಂಗ ಬಂದಿಲ್ಲ."

ಅವಳು ಅದನ್ನು ಸೊಪ್ಪಿನ ಮಾತಿನಂತೆಯೇ ಹೇಳಿದಳು. ಎಷ್ಟು ಗಳಿಗೆ ಬೇಕಾಯಿತೋ ನನಗೆ ತಿಳಿಯಲು. "ಚಿಗವ್ವಾ... ಈಗ ನಾಲಿಗಿ ಸುಟ್ಟಿತ್ತು ಅಂದ್ಯಲ್ಲ?"

"ಊರ ಮಂದಿ ಮುಖ ನೋಡಿ ಹೇಳಿದ್ನಿ. ನನ್ನ ನಾಲಿಗಿಗೆ ಎಲ್ಲಾನೂ ಒಂದ." ಬುಟ್ಟಿ ಎತ್ತಿಕೊಂಡು ಎದ್ದಳು. "ನನ್ನ ಭರಣಿನೂ ಎಂದೂ ಹೊರಗ ಬಂದಿಲ್ಲ. ನಿನ್ನದರಷ್ಟು ದೊಡ್ಡ ಭರಣಿ ನಮ್ಮನ್ಯಾಗ ಇರಲಿಲ್ಲ ಆವಾಗ."

ನಮ್ಮ ಊರಿನಲ್ಲಿ ನನ್ನಷ್ಟು ಭರ್ಜರಿಯಾಗಿ ಪ್ರೀತಿಯಲ್ಲಿ ಸೋತವರಿಲ್ಲ ಎಂದೆನಲ್ಲ, ಆ ಮಾತನ್ನು ಆ ಮಧ್ಯಾಹ್ನದ ನಂತರ ಬೀದಿಯಲ್ಲಿ ಹೇಳಿಲ್ಲ. ನಿಮಗೆ ಹೇಳಿದ್ದು ರೂಢಿಯಿಂದ.

ಭರಣಿ ಇನ್ನೂ ಹೊರಗೇ ಇದೆ. ಮಾಲೆ ಒಣಗಿ ಉದುರಿತು, ಹೊಸದು ಹಾಕಲಿಲ್ಲ. ಗುರುಪಾದ ದಿನವೂ ಬರುತ್ತಾನೆ. ಚಂಪಾಳ ಕೊಡದ ಸದ್ದು ಆಚೆಯ ಓಣಿಯಿಂದ ಕೇಳಿದರೆ ಅವನ ಕಿವಿ ಅತ್ತ ಹೋಗುತ್ತದೆ, ನನ್ನ ಕಥೆಯ ನಡುವೆಯೂ ಹೋಗುತ್ತದೆ. ನಾನು ಕಾಣದವಳಂತೆ ಕಥೆಯಲ್ಲಿ ಆನೆಯೊಂದು ಬಂದರೆ ಅದನ್ನು ಇನ್ನೊಂದಿಷ್ಟು ದೊಡ್ಡದು ಮಾಡುತ್ತೇನೆ. ಎಲ್ಲ ಪಾತ್ರೆಗಳಿಗೂ ಹದವಾಗಿ ಉಪ್ಪು ಹಾಕಿ, ಒಂದು ಚಿಕ್ಕ ಬಟ್ಟಲಿನಲ್ಲಿ ಮಾತ್ರ ಉಪ್ಪಿಲ್ಲದ ಬೇಳೆ ತೆಗೆದಿಡುತ್ತೇನೆ. ಅವನು ಮೊದಲು ನೋಡುವುದು ಅದನ್ನೇ, ಅವನ ಉಪ್ಪು ಮರಳಿದರೆ ಅಲ್ಲೇ ತಿಳಿಯಬೇಕು. ಚಮಚ ತುಟಿಗೆ ತಾಗಿದ ಕೂಡಲೇ, "ಹದ ಐತಿ, ಅಕ್ಕಾರ." ಅವನು ಹೋದ ಮೇಲೆ ನಾನು ಆ ಬಟ್ಟಲನ್ನು ಅನ್ನಕ್ಕೆ ಕಲಸಿ ಉಣ್ಣುತ್ತೇನೆ. ಅವನ ಬಾಯಿಗೆ ಎಲ್ಲವೂ ಹೇಗಿರುತ್ತದೋ ಹಾಗೆ ಇರುತ್ತದೆ ಅದು. ಸಪ್ಪೆಯ ಊಟ ಮೊದಮೊದಲು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಈಗ ಇಳಿಯುತ್ತದೆ.

ಇವತ್ತು ಬೆಳಿಗ್ಗೆಯೂ ಬಂದ. ಚಮಚ ಒರೆಸಿಕೊಂಡ. ಬೇಳೆಗೆ ಅದ್ದಿದ, ತುಟಿಗಿಟ್ಟ. ನಾನು ರೊಟ್ಟಿ ಬಡಿಯುತ್ತಿದ್ದೆ, ಕೈ ತಾನಾಗಿ ನಿಂತಿತು, ಏಕೆಂದರೆ ಅವನ ಮಾತು ಬರಲಿಲ್ಲ. ಅವನು ಬಟ್ಟಲನ್ನು ನೋಡಿದ. ಆಮೇಲೆ ಎಂದಿನಂತೆ, "ಹದ ಐತಿ, ಅಕ್ಕಾರ" ಎಂದು, ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದು ಹೋದ. ಕಥೆ ಕೇಳಲು ಕೂರಲಿಲ್ಲ.

ತಡೆದದ್ದು ಒಂದು ಗಳಿಗೆ. ಅದು ಗಂಟಲಲ್ಲಿ ಸಿಕ್ಕ ಕೆಮ್ಮಿರಬಹುದು, ಆಚೆ ಓಣಿಯ ಕೊಡದ ಸದ್ದಿರಬಹುದು. ನಾನು ಆನೆಯನ್ನು ಆಕಾಶಕ್ಕೇರಿಸಿದವಳು, ಬಾವಿಯನ್ನು ಕಣ್ಣೀರಿನಲ್ಲಿ ತುಂಬಿದವಳು. ಆದರೆ ಇದು ಒಂದೇ ಗಳಿಗೆ. ಇದನ್ನು ಎರಡು ಎನ್ನುವ ಧೈರ್ಯ ನನಗಿಲ್ಲ.